ಮಾಳಿಗೆ, ಗುಡಗುಡಿ, ಮಗ್ಗ: ಷರೀಫರ ಪದಗಳನ್ನು ಕೇಳುವ ಬಗೆ

ಕುಂದಗೋಳ ತಾಲೂಕಿನ ಕಳಸಕ್ಕೂ ಶಿಗ್ಗಾಂವಿ ತಾಲೂಕಿನ ಶಿಶುನಾಳಕ್ಕೂ ನಡುವೆ ಈಗ ಒಂದು ಜಿಲ್ಲಾ ಗಡಿಯಿದೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಎರಡೂ ಧಾರವಾಡ ಜಿಲ್ಲೆಯ ಊರುಗಳೇ ಆಗಿದ್ದವು. ಕಳಸ ಗೋವಿಂದಭಟ್ಟರ ಊರು. ಶಿಶುನಾಳ ಅವರ ಶಿಷ್ಯ ಷರೀಫ ಸಾಹೇಬರ ಊರು. ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಇಷ್ಟು ಹೇಳಿದ ಕೂಡಲೇ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ, ಭಾಷಣ ಮುಗಿಯುತ್ತದೆ. ಪದಗಳು ಏನು ಹೇಳುತ್ತವೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಈ ಪ್ರಶ್ನೆಯನ್ನು ಮತ್ತೆ ಎತ್ತಿದವರು ಗಿಟಾರು ಹಿಡಿದ ಹುಡುಗರು ಎಂಬುದು ನಮಗೆ ಸೋಜಿಗವೆನಿಸುತ್ತದೆ. ಹಳ್ಳಿಯ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆ ಬದುಕಿದ್ದ ಪದಗಳನ್ನು ಸಿ. ಅಶ್ವಥ್ ಕ್ಯಾಸೆಟ್ಟುಗಳ ಮೂಲಕ ನಾಡಿಗೆಲ್ಲ ಹರಡಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿಯೇ ಷರೀಫರ ಎರಡು ಪದಗಳನ್ನು ರಾಕ್ ಸಂಗೀತಕ್ಕೆ ಹೊಂದಿಸಿ ಹಾಡಿದರು. ಒಂದು ಮಾಳಿಗೆಯ ಪದ, ಇನ್ನೊಂದು ಗುಡಗುಡಿಯ ಪದ. ಪಾಕಿಸ್ತಾನದಲ್ಲಿ ಜುನೂನ್ ತಂಡ 1999ರ 'ಪರ್ವಾಜ್' ಆಲ್ಬಂನಲ್ಲಿ ಬುಲ್ಲೇ ಶಾಹರ ಕಾವ್ಯವನ್ನು ಇದೇ ರೀತಿ ಎತ್ತಿಕೊಂಡಿತ್ತು. ಸೂಫಿಯ ಮಾತು ದರ್ಗಾದ ಅಂಗಳದಿಂದ ರಾಕ್ ವೇದಿಕೆಗೆ ಹೋದದ್ದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ.

ಕೇಳಿದ ಹುಡುಗರು ಅರ್ಥ ಕೇಳುತ್ತಾರೆ. ಅವರಿಗೆ ಕೊಡಲು ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಪಂಡಿತರದು: ಮಾಳಿಗೆಯೆಂದರೆ ದೇಹ, ಕೋಡಗವೆಂದರೆ ಮನಸ್ಸು, ಕೋಳಿಯೆಂದರೆ ಅರಿವು. ಬೀಗಕ್ಕೊಂದು ಕೀಲಿಯಂತೆ ಪ್ರತಿ ಶಬ್ದಕ್ಕೂ ಒಂದು ಅರ್ಥ. ಎರಡನೆಯದು ಭಾಷಣಕಾರರದು: ಇದೆಲ್ಲ ಹಿಂದೂ-ಮುಸ್ಲಿಂ ಭಾವೈಕ್ಯ. ಎರಡೂ ಸುಳ್ಳಲ್ಲ. ಆದರೆ ಎರಡೂ ಪದವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಬಾಯಿ ಹಾಕುವ ಉತ್ತರಗಳು.

ಮಾಳಿಗೆಯ ಪದವನ್ನೇ ನೋಡೋಣ. ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳೇ ಹೆಚ್ಚಾಗಿದ್ದವು. ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಮಳೆಗಾಲಕ್ಕೆ ಮುಂಚೆ ಮೇಲೇರಿ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಮನೆ ಸೋರಲೇಬೇಕು. ಇದು ವರ್ಷವರ್ಷ ಮಾಡಲೇಬೇಕಾದ ಕೆಲಸ, ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವಂಥದ್ದಲ್ಲ. ಷರೀಫರ ಪದದಲ್ಲಿ ಸೋರುವುದು ಮನೆ. ಆದರೆ ಅವರು ಮಳೆಯನ್ನು ದೂರುವುದಿಲ್ಲ, ಅಜ್ಞಾನವನ್ನು ದೂರುತ್ತಾರೆ. ಮೇಲೇರಿ ಸರಿಪಡಿಸುವವರೇ ಇಲ್ಲ ಎಂಬುದು ಅವರ ಕೊರಗು. ಮೇಲ್ಮುದ್ದೆಯ ಮನೆಯಲ್ಲಿ ಬೆಳೆದವರಿಗೆ ಇದರ ಅಧ್ಯಾತ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಮನಸ್ಸು ಕೂಡ ಮುಂಗಾರಿಗೆ ಮೊದಲೇ ಏರಿ ನೋಡಬೇಕಾದ ಮಾಳಿಗೆ ಎಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಆರ್‌ಸಿಸಿ ಮನೆಯಲ್ಲಿ ಬೆಳೆದವನಿಗೆ ಮಾತ್ರ 'ಮಾಳಿಗೆಯೆಂದರೆ ದೇಹ' ಎಂಬ ಟಿಪ್ಪಣಿ ಬೇಕಾಗುತ್ತದೆ. ಟಿಪ್ಪಣಿ ಅವನಿಗೆ ಅರ್ಥವನ್ನು ಕೊಡಬಹುದು, ತಲೆಯ ಮೇಲೆ ನೀರು ತೊಟ್ಟಿಕ್ಕುವ ಇರುಳನ್ನು ಕೊಡಲಾರದು.

ಷರೀಫರು ಬದುಕಿದ ಕಾಲವನ್ನೂ ಇಲ್ಲಿ ನೆನೆಯಬೇಕು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರು ಪೇಶ್ವೆಯರ ಆಳ್ವಿಕೆ ಮುಗಿದು ಕಂಪನಿ ಸರಕಾರ ನೆಲೆಯೂರಿದ ಕಾಲದವರು. ಕೆಲಕಾಲ ಶಾಲಾ ಮಾಸ್ತರಿಕೆಯನ್ನೂ ಮಾಡಿದವರು. 1858ರಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯ ಮುರಿದುಬಿತ್ತು. 1876-78ರ ಮಹಾ ಬರಗಾಲ ಈ ಸೀಮೆಯನ್ನು ಹಿಂಡಿಹಾಕಿತು. ನವಲಗುಂದದ ನಾಗಲಿಂಗ ಸ್ವಾಮಿಗಳು, ಹುಬ್ಬಳ್ಳಿಯ ಸಿದ್ಧಾರೂಢರು ಇದೇ ಶತಮಾನದಲ್ಲಿ ಇದೇ ಸೀಮೆಯಲ್ಲಿ ಓಡಾಡಿದವರು. ಅರಸೊತ್ತಿಗೆ ಕುಸಿದು, ಬೆಳೆ ಕೈಕೊಟ್ಟು, ಜನ ಗುಳೇ ಹೋಗುತ್ತಿದ್ದ ಕಾಲದಲ್ಲಿ ಮನೆ ಸೋರುತ್ತಿದೆ ಎಂಬ ಮಾತನ್ನು ಕೇಳಿದವರಿಗೆ ದೇಹವೊಂದೇ ನೆನಪಾಗಿರಲಿಕ್ಕಿಲ್ಲ.

ಇನ್ನು ಗುಡಗುಡಿಯ ಪದ. ರಾಕ್ ಕಛೇರಿಯಲ್ಲಿ ಇದನ್ನು ಕೇಳಿ ಶಿಳ್ಳೆ ಹಾಕುವವರಲ್ಲಿ ಕೆಲವರಿಗಾದರೂ ಇದು ಹೊಗೆ ಬಿಟ್ಟು ಮಜಾ ಮಾಡುವ ಹಾಡು. ವಾಸ್ತವದಲ್ಲಿ ಷರೀಫರು ಚಟದ ಸಾಮಾನುಗಳನ್ನೆಲ್ಲ ಒಂದೊಂದಾಗಿ ಚಟದ ವಿರುದ್ಧ ತಿರುಗಿಸುತ್ತಾರೆ. ಸಂಚಿ ಮನಸ್ಸಾಗುತ್ತದೆ, ಕೊಚ್ಚುವ ಸೊಪ್ಪು ಮೋಹವಾಗುತ್ತದೆ, ಚಿಲುಮೆ ನೆನಹಾಗುತ್ತದೆ. ಈ ನೆನಹು ಎಂಬ ಶಬ್ದದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಯೋಗದ ಭಾಷೆ ಬಲ್ಲವರಿಗೆ ಅದು ಧ್ಯಾನ. ಸೂಫಿಗಳ ಹಾದಿ ಬಲ್ಲವರಿಗೆ ಅದು ಜಿಕ್ರ್, ಉಸಿರು ಉಸಿರಿನಲ್ಲೂ ಅಲ್ಲಾಹನ ಸ್ಮರಣೆ. ಗುಡಗುಡಿ ಸೇದುವುದೂ ಉಸಿರಿನ ಕೆಲಸವೇ. ಷರೀಫರು ಇವುಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡು ಎನ್ನಲಿಲ್ಲ. ಎರಡೂ ಕಡೆಯವರು ಕಟ್ಟೆಯ ಮೇಲೆ ಒಟ್ಟಿಗೆ ಕುಳಿತು ಬಳಸುವ ವಸ್ತುವನ್ನೇ ಎತ್ತಿಕೊಂಡರು.

'ಕೋಡಗನ ಕೋಳಿ ನುಂಗಿತ್ತ' ಎಂಬ ಪದದಲ್ಲಿ ಈ ಗುಣ ಇನ್ನೂ ಗಾಢವಾಗಿದೆ. ಅಲ್ಲಮನ ಬೆಡಗಿನ ವಚನ, ಕಬೀರರ ತಲೆಕೆಳಗಾದ ಮಾತು, ಇವುಗಳ ಬಳಗದ ಹಾಡು ಇದು. ಸಣ್ಣದು ದೊಡ್ಡದನ್ನು ನುಂಗುವ ಚಮತ್ಕಾರಕ್ಕೆ ಮಕ್ಕಳು ನಗುತ್ತಾರೆ. ಆದರೆ ಸಾಲುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ಎಲ್ಲವೂ ಅಸಾಧ್ಯದ ಮಾತಲ್ಲ ಎಂಬುದು ಹೊಳೆಯುತ್ತದೆ. ಗೋಡೆ ಸುಣ್ಣವನ್ನು ನುಂಗುವುದು ನಿಜವೇ, ಬಳಿದವರಿಗೆ ಗೊತ್ತು. ಕುಟ್ಟಲು ಬಂದ ಮುದುಕಿಯನ್ನು ನೆಲ್ಲು ನುಂಗುತ್ತದೆ. ಮಗ್ಗದೊಳಗೆ ಕುಳಿತವನನ್ನು ಮಗ್ಗದ ಸರಂಜಾಮೇ ನುಂಗುತ್ತದೆ. ಇವನ್ನು ಕೇವಲ ಒಗಟೆಂದು ಬಿಡಿಸುವವರು ನವಲಗುಂದಕ್ಕೆ ಹೋಗಿ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳನ್ನು ನೋಡಬೇಕು. ನಮಾಜಿನ ಜಾನಮಾಜನ್ನೂ ಚೌಕಾಬಾರದ ಚಿತ್ತಾರವಿರುವ ಜಮಖಾನೆಯನ್ನೂ ನೇಯ್ದ ಕೈಗಳವು. ಕಣ್ಣು, ಬೆನ್ನು, ಪ್ರಾಯ ಎಲ್ಲವನ್ನೂ ಮಗ್ಗ ನುಂಗುವುದು ಅವರ ಪಾಲಿಗೆ ಬೆಡಗಲ್ಲ, ದಿನದ ಲೆಕ್ಕ. ಪದದ ಕೊನೆಗೆ ಷರೀಫರು ತಮ್ಮನ್ನೇ ಗುರು ಗೋವಿಂದನ ಪಾದ ನುಂಗಿತೆಂದು ಹಾಡುತ್ತಾರೆ. ದುಡಿಮೆ ಮನುಷ್ಯನನ್ನು ನುಂಗುವ ಲೋಕದಲ್ಲಿ ತಾನಾಗಿ ಒಪ್ಪಿ ನುಂಗಿಸಿಕೊಳ್ಳುವುದಕ್ಕೆ ಒಂದು ಜಾಗವಿದೆ ಎಂಬುದು ನಮಗೆ ಕೇಳಿಸುವ ಅರ್ಥ. ಪಂಡಿತರ ಕೀಲಿಗೆ ಇದು ಸಿಗಲಿಕ್ಕಿಲ್ಲ.

ಹಾಗಾದರೆ ಯಾರು ಏನು ಬೇಕಾದರೂ ಅರ್ಥ ಹಚ್ಚಬಹುದೇ? ಕೆನಡಾದ ಲಿಯೊನಾರ್ಡ್ ಕೋಹೆನ್ 1984ರಲ್ಲಿ ಹಜರತ್ ದಾವೂದರ ಬೈಬಲ್ ಕತೆಯನ್ನು ನೆನೆಸಿ ಕಟ್ಟಿದ 'ಹಲ್ಲೆಲೂಯಾ' ಹಾಡನ್ನು ಜನ ಮದುವೆಯಲ್ಲೂ ಹಾಡಿದರು, ಮಣ್ಣಿನಲ್ಲೂ ಹಾಡಿದರು. ಕೇಳುಗ ತನ್ನ ಸುಖದುಃಖವನ್ನು ಹಾಡಿನೊಳಗೆ ಇಡುವುದು ತಪ್ಪಲ್ಲ. ಇಡಲು ಬಾರದ ಹಾಡು ಬಾಳುವುದೂ ಇಲ್ಲ. ಆದರೆ ಹಾಡಿನೊಳಗೆ ಮೊದಲೇ ಇದ್ದವರನ್ನು ಹೊರಗೆ ಹಾಕುವ ಅರ್ಥ ಮಾತ್ರ ಸಲ್ಲದು.

ಷರೀಫರ ವಿಷಯದಲ್ಲಿ ಹೀಗೆ ಹೊರಗೆ ಹಾಕುವ ಕೆಲಸ ಎರಡೂ ಕಡೆ ನಡೆದಿದೆ. ಗುರು ಜನಿವಾರ ಹಾಕಿದ ಪ್ರಸಂಗವನ್ನು ಷರೀಫರೇ ಹಾಡಿದ್ದಾರೆ. ಅದನ್ನೇ ಹಿಡಿದು ಕೆಲವರು ಅವರನ್ನು 'ನಮ್ಮವರಾದರು' ಎಂದು ಬರೆದುಕೊಂಡರು. ಅದೇ ಪದವನ್ನು ತೋರಿಸಿ ನಮ್ಮಲ್ಲಿಯೇ ಕೆಲವರು 'ಅವರು ನಮ್ಮವರಲ್ಲ' ಎಂದು ಗೆರೆ ಎಳೆದರು. ಆದರೆ ಕರ್ಬಲಾದ ದುಃಖವನ್ನು ಹೊತ್ತ ಅಲಾವಿ ಪದಗಳನ್ನು ಕಟ್ಟಿದವರೂ ಇದೇ ಷರೀಫರು. ಕ್ರಿ.ಶ. 680ರಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ಕತೆ ಈ ಸೀಮೆಯ ರೈತನ ಬಾಯಲ್ಲಿ ಕನ್ನಡದ ಪದವಾಯಿತು. ಮುಸ್ಲಿಂ ಮನೆಗಳು ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂರಿಸಿ, ಅಲಾವಿ ಕುಣಿ ತೋಡಿ, ಹೆಜ್ಜೆ ಹಾಕುತ್ತ ರಿವಾಯತ್ ಹಾಡುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಇದು ಶಾಸ್ತ್ರಕ್ಕೆ ಸಮ್ಮತವೇ ಎಂಬ ಚರ್ಚೆಯನ್ನು ಬಲ್ಲವರು ಮಾಡಲಿ. ಇನ್ನೊಬ್ಬರ ಮನೆಯ ಸಾವಿಗೆ ಅತ್ತ ಹಳ್ಳಿಗರ ಕಣ್ಣೀರನ್ನು ಚರಿತ್ರೆಯಿಂದ ಅಳಿಸುವ ಹಕ್ಕು ಮಾತ್ರ ನಮಗೆ ಯಾರಿಗೂ ಇಲ್ಲ.

ಷರೀಫರು ತೀರಿಕೊಂಡಾಗ ಎರಡೂ ವಿಧಿಗಳಲ್ಲಿ ಅಂತ್ಯಕ್ರಿಯೆ ನಡೆಯಿತೆಂದು ನಮ್ಮ ಕಡೆ ಹೇಳುತ್ತಾರೆ. ಆ ದಿನ ಜನ ದೇಹವನ್ನು ಪಾಲು ಮಾಡಿಕೊಳ್ಳಲಿಲ್ಲ, ದುಃಖವನ್ನು ಹಂಚಿಕೊಂಡರು ಎಂಬುದೇ ಆ ಮಾತಿನ ತಿರುಳು. ಪದಗಳನ್ನೂ ಹಾಗೆಯೇ ಕೇಳಬೇಕು. ರಾಕ್ ಹಾಡುವ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಂದಾಗಿಯೇ ಎಷ್ಟೋ ಮಕ್ಕಳ ಕಿವಿಗೆ ಷರೀಫರು ಬಿದ್ದರು. ಹಾಡು ಮೆಚ್ಚಿದವರು ಒಂದು ಸಲ ಕಳಸಕ್ಕೂ ಶಿಶುನಾಳಕ್ಕೂ ಬರಲಿ, ಭಜನೆಯ ಮೇಳವೊಂದರಲ್ಲಿ ಕುಳಿತು ಕೇಳಲಿ ಎಂದಷ್ಟೇ ನಮ್ಮ ಕೋರಿಕೆ. ನಾವು ಊರಿನವರೂ ನಮ್ಮ ಕೆಲಸ ಮಾಡಬೇಕಿದೆ. ಮಣ್ಣಿನ ಮಾಳಿಗೆಗಳು ಕಡಿಮೆಯಾದವು, ಸೋರುವುದು ನಿಂತಿಲ್ಲ. ಮುಂಗಾರಿಗೆ ಮುಂಚೆ ಮೇಲೇರಿ ನೋಡುವವರು ಬೇಕು.