ಇಂಕ್ಲಿಂಗ್ಸ್: ಕಲ್ಪನಾಕಥೆ ಬರೆದ ಕ್ರೈಸ್ತ ಗೆಳೆಯರ ಬಳಗ

ಇಂಕ್ಲಿಂಗ್ಸ್ ಎಂಬುದು 1930 ಹಾಗೂ 1940ರ ದಶಕಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಸೇರುತ್ತಿದ್ದ ಬರಹಗಾರರ ಒಂದು ಚಿಕ್ಕ ಬಳಗ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಜೆ. ಆರ್. ಆರ್. ಟೋಲ್ಕಿನ್ (1892–1973) ಮತ್ತು ನಾರ್ನಿಯ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ (1898–1963) ಇದರ ಮುಖ್ಯ ಸದಸ್ಯರು. ಟೋಲ್ಕಿನ್ ಕಥೋಲಿಕರು, ಲೂಯಿಸ್ ಆಂಗ್ಲಿಕನ್ ಸಭೆಗೆ ಸೇರಿದವರು.

ಮಾಟಗಾರರು, ಕುಬ್ಜರು, ಮಾತನಾಡುವ ಮೃಗಗಳು ತುಂಬಿರುವ ಕಥೆಯನ್ನು ಕ್ರೈಸ್ತ ವಿಶ್ವಾಸಿಯೊಬ್ಬ ಬರೆಯಬಹುದೇ, ಮಕ್ಕಳಿಗೆ ಓದಲು ಕೊಡಬಹುದೇ ಎಂಬ ಪ್ರಶ್ನೆ ತಂದೆತಾಯಂದಿರಲ್ಲೂ ಧರ್ಮೋಪದೇಶ ಶಿಕ್ಷಕರಲ್ಲೂ ಆಗಾಗ ಏಳುತ್ತದೆ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಮಾಟಮಂತ್ರವನ್ನು ನಿಷೇಧಿಸಿರುವಾಗ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಈ ಗೆಳೆಯರು ಅದಕ್ಕೆ ಬರವಣಿಗೆಯ ಮೂಲಕವೇ ಉತ್ತರ ಹುಡುಕಿದರು.

ಟೋಲ್ಕಿನ್ ಅವರ ಬಾಲ್ಯ

ಟೋಲ್ಕಿನ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಬಂಧುಗಳು ಸಿಟ್ಟಿಗೆದ್ದು ಹಣದ ನೆರವು ನಿಲ್ಲಿಸಿದರು. ಬಡತನದಲ್ಲೇ ಇಬ್ಬರು ಗಂಡುಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಿದ ಆ ತಾಯಿ 1904ರಲ್ಲಿ ಮಧುಮೇಹದಿಂದ ಮರಣ ಹೊಂದಿದರು. ವಿಶ್ವಾಸಕ್ಕಾಗಿ ಜೀವ ತೆತ್ತವಳೆಂದೇ ಮಗ ಕೊನೆಯವರೆಗೂ ತಾಯಿಯನ್ನು ನೆನೆಯುತ್ತಿದ್ದರು. ಅನಂತರ ಮಕ್ಕಳ ಪೋಷಕರಾಗಿ ನಿಂತವರು ಬರ್ಮಿಂಗ್‌ಹ್ಯಾಮ್ ಓರೆಟರಿಯ ಗುರುಗಳಾದ ವಂದನೀಯ ಫ್ರಾನ್ಸಿಸ್ ಮೋರ್ಗನ್.

ಶಾಲೆಯಲ್ಲಿದ್ದಾಗಲೇ ಟೋಲ್ಕಿನ್ ಅವರಿಗೆ ಒಂದು ಗೆಳೆಯರ ಕೂಟವಿತ್ತು. ಅದರಲ್ಲಿ ಮುಖ್ಯರಾದವರು ನಾಲ್ವರು. 1916ರ ಸೋಮ್ ಯುದ್ಧದ ಮೊದಲ ದಿನವೇ ರಾಬ್ ಗಿಲ್ಸನ್ ಹತರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಕವಿಯಾಗಿದ್ದ ಜೆಫ್ರಿ ಸ್ಮಿತ್ ತೀರಿಕೊಂಡರು. ತಾನು ಉಳಿಯದಿದ್ದರೂ ತಾನು ಹೇಳಬೇಕೆಂದಿದ್ದನ್ನು ನೀನು ಹೇಳು ಎಂಬರ್ಥದ ಪತ್ರವನ್ನು ಸ್ಮಿತ್ ಯುದ್ಧರಂಗದಿಂದ ಬರೆದಿದ್ದರು. ಟೋಲ್ಕಿನ್ ತಮ್ಮ ಕಲ್ಪನಾಲೋಕದ ಮೊದಲ ಕಥೆಗಳನ್ನು ಬರೆಯಲು ತೊಡಗಿದ್ದು ಈ ಸಾವುಗಳ ಬೆನ್ನಿಗೆ. ಆದರೆ ಅವನ್ನು ಕೇಳುವವರು ಬಹುಕಾಲ ಸಿಗಲಿಲ್ಲ.

ಲೂಯಿಸ್ ಜೊತೆಗಿನ ಗೆಳೆತನ

ಇಬ್ಬರ ಮೊದಲ ಭೇಟಿ 1926ರಲ್ಲಿ. ಆಗ ಇಬ್ಬರೂ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರು. ಲೂಯಿಸ್ ದೇವರನ್ನು ನಂಬುತ್ತಿರಲಿಲ್ಲ. 1929ರ ಕೊನೆಯಲ್ಲಿ ಟೋಲ್ಕಿನ್ ಧೈರ್ಯ ಮಾಡಿ ತಮ್ಮ ಅಪೂರ್ಣ ದೀರ್ಘಕಾವ್ಯವೊಂದನ್ನು ಅವರಿಗೆ ಓದಲು ಕೊಟ್ಟರು. ಲೂಯಿಸ್ ಮೆಚ್ಚಿ ಬರೆದರು. ಆಮೇಲೆ ತಪ್ಪುಗಳ ಪಟ್ಟಿಯನ್ನೂ ಕಳುಹಿಸಿದರು. ಆ ಕಾವ್ಯ ಪ್ರಾಚೀನ ಹಸ್ತಪ್ರತಿಯೆಂದೂ, ಅದರ ಪಾಠಾಂತರಗಳ ಬಗ್ಗೆ ಪಂಡಿತರು ಜಗಳವಾಡುತ್ತಿದ್ದಾರೆಂದೂ ನಟಿಸಿ ಬರೆದ ತಮಾಷೆಯ ಟಿಪ್ಪಣಿ ಅದು. ಕಟುವಾದ ಮಾತನ್ನು ನೋಯಿಸದಂತೆ ಹೇಳುವ ಇಂಥ ಜಾಣ್ಮೆ ವಿಮರ್ಶಕರಲ್ಲಿ ಅಪರೂಪ. ಟೋಲ್ಕಿನ್ ಅದರಲ್ಲಿನ ಹಲವು ಸಲಹೆಗಳನ್ನು ಒಪ್ಪಿಕೊಂಡು ಸಾಲುಗಳನ್ನು ತಿದ್ದಿದರು.

1931ರ ಸೆಪ್ಟೆಂಬರ್ 19ರ ರಾತ್ರಿ ಲೂಯಿಸ್, ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್ ಮಾಡ್ಲಿನ್ ಕಾಲೇಜಿನ ಹಿಂದಿನ ಆಡಿಸನ್ಸ್ ವಾಕ್ ಎಂಬ ದಾರಿಯಲ್ಲಿ ನಡೆಯುತ್ತಾ ಪುರಾಣಕಥೆಗಳ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಸತ್ತು ಮತ್ತೆ ಎದ್ದುಬರುವ ದೇವರ ಕಥೆ ಬೇರೆ ಪುರಾಣಗಳಲ್ಲಿ ಬಂದರೆ ಲೂಯಿಸ್ ಅವರ ಮನಸ್ಸು ಕರಗುತ್ತಿತ್ತು. ಅದೇ ಶುಭಸಂದೇಶದಲ್ಲಿ ಬಂದಾಗ ಅವರು ಹಿಂಜರಿಯುತ್ತಿದ್ದರು. ಕ್ರಿಸ್ತನ ಕಥೆಯೂ ಮನಸ್ಸನ್ನು ಹಾಗೆಯೇ ಮುಟ್ಟುವ ಕಥೆ, ಆದರೆ ಇದು ನಿಜವಾಗಿ ನಡೆದದ್ದು ಎಂಬುದು ಗೆಳೆಯರ ವಾದ. ಕೆಲವೇ ದಿನಗಳ ನಂತರ ಲೂಯಿಸ್ ಅಣ್ಣನ ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಲಿನಲ್ಲಿ ಕುಳಿತು ಮೃಗಾಲಯಕ್ಕೆ ಹೊರಟರು. ಹೊರಟಾಗ ಯೇಸು ದೇವರ ಪುತ್ರನೆಂಬ ನಂಬಿಕೆ ಅವರಲ್ಲಿರಲಿಲ್ಲ, ತಲುಪುವಾಗ ಇತ್ತು.

ಗುರುವಾರದ ಸಂಜೆಗಳು

ಬಳಗಕ್ಕೆ ಹೆಸರು ಬಂದದ್ದು ಅದಕ್ಕೂ ಹಿಂದೆ ಒಬ್ಬ ವಿದ್ಯಾರ್ಥಿ ಕಟ್ಟಿದ್ದ ಸಂಘದಿಂದ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮಸುಕಾದ ಸುಳಿವು ಎಂದರ್ಥ. ಶಾಯಿಯಲ್ಲಿ ಕೈಯಾಡಿಸುವವರು ಎಂಬ ಶ್ಲೇಷೆಯೂ ಉಂಟು. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಚಂದಾ ಇಲ್ಲ, ವರದಿ ಓದುವ ಕ್ರಮವೂ ಇಲ್ಲ. (ನಮ್ಮ ಸಂಘ ಸಂಸ್ಥೆಗಳಲ್ಲಿ ದುಡಿದವರಿಗೆ ಇದು ಅಸೂಯೆ ತರಿಸಬಹುದು.) ಗುರುವಾರ ರಾತ್ರಿ ಲೂಯಿಸ್ ಅವರ ಕಾಲೇಜು ಕೋಣೆಯಲ್ಲಿ ಚಹಾ ಆದ ಮೇಲೆ, ಓದಲು ಯಾರಾದರೂ ಏನಾದರೂ ತಂದಿದ್ದೀರಾ ಎಂದು ಲೂಯಿಸ್ ಕೇಳುತ್ತಿದ್ದರು. ತಂದವರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಮುಚ್ಚುಮರೆಯಿಲ್ಲದೆ ಅಭಿಪ್ರಾಯ ಹೇಳುತ್ತಿದ್ದರು. ಮಂಗಳವಾರ ಬೆಳಿಗ್ಗೆ ಈಗಲ್ ಅಂಡ್ ಚೈಲ್ಡ್ ಎಂಬ ಪಬ್ಬಿನಲ್ಲಿ ಬರೀ ಹರಟೆ.

ಲೂಯಿಸರ ಅಣ್ಣ ವಾರನ್, ವಕೀಲ ಓವನ್ ಬಾರ್‌ಫೀಲ್ಡ್, 1939ರಲ್ಲಿ ಯುದ್ಧದ ಕಾರಣ ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಬಂದ ಕಾದಂಬರಿಕಾರ ಚಾರ್ಲ್ಸ್ ವಿಲಿಯಮ್ಸ್, ವೈದ್ಯ ರಾಬರ್ಟ್ ಹ್ಯಾವರ್ಡ್ ಮುಂತಾದವರು ಬರುತ್ತಿದ್ದರು. ಹ್ಯಾವರ್ಡ್ ಕಥೋಲಿಕರು. ಸ್ತ್ರೀಯರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ; ಇದು ಆ ಬಳಗದ ದೊಡ್ಡ ಕೊರತೆಯೆಂದೇ ಹೇಳಬೇಕು.

'ದಿ ಹಾಬಿಟ್' 1937ರಲ್ಲಿ ಪ್ರಕಟವಾದ ಮೇಲೆ ಪ್ರಕಾಶಕರು ಮುಂದಿನ ಭಾಗ ಕೇಳಿದರು. ಅದು ಮುಗಿಯಲು ಹನ್ನೆರಡು ವರ್ಷ ಬೇಕಾಯಿತು. ಟೋಲ್ಕಿನ್ ಬರೆದದ್ದನ್ನೇ ಮತ್ತೆ ಮತ್ತೆ ತಿದ್ದುವವರು, ನಡುವೆ ತಿಂಗಳುಗಟ್ಟಲೆ ಬರವಣಿಗೆ ನಿಂತೇಹೋಗುತ್ತಿತ್ತು. 1944ರಲ್ಲಿ ಮತ್ತೆ ಕೈಗೆತ್ತಿಕೊಂಡು ಒಂದೊಂದೇ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳಿದರು. ಸೇವಕ ಸ್ಯಾಮ್ ತನ್ನ ಯಜಮಾನ ಸತ್ತನೆಂದು ಭಾವಿಸಿ ಒಬ್ಬನೇ ನಿಲ್ಲುವ ಅಧ್ಯಾಯವನ್ನು ಕೇಳಿ ಲೂಯಿಸ್ ಕಣ್ಣೀರು ಹಾಕಿದರೆಂದು ಟೋಲ್ಕಿನ್ ತಮ್ಮ ಮಗನಿಗೆ ಪತ್ರ ಬರೆದರು. ಲೂಯಿಸ್ ತನಗೆ ಕೊಟ್ಟದ್ದು ಪ್ರಭಾವವಲ್ಲ, ಬರೀ ಪ್ರೋತ್ಸಾಹ. ಅದಿಲ್ಲದಿದ್ದರೆ ಪುಸ್ತಕ ಮುಗಿಯುತ್ತಲೇ ಇರಲಿಲ್ಲ ಎಂದು ಮುಂದೆ ಅವರು ಒಪ್ಪಿಕೊಂಡಿದ್ದಾರೆ. ಮೂರು ಸಂಪುಟಗಳು 1954–55ರಲ್ಲಿ ಹೊರಬಂದವು.

ಎಲ್ಲರೂ ಲೂಯಿಸ್ ಅವರಂತೆ ಕೇಳಲಿಲ್ಲ. ಆಡಿಸನ್ಸ್ ವಾಕ್‌ನಲ್ಲಿ ಜೊತೆಗಿದ್ದ ಅದೇ ಡೈಸನ್‌ಗೆ ಈ ಕಥೆ ಹಿಡಿಸುತ್ತಿರಲಿಲ್ಲ. 1947ರ ಹೊತ್ತಿಗೆ ಅವರು ಕೋಣೆಗೆ ಬಂದರೆ ಟೋಲ್ಕಿನ್ ಓದುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ಬೇಸರದ ಒಂದೇ ಉದ್ಗಾರಕ್ಕೆ ಎಷ್ಟು ಶಕ್ತಿಯಿದೆಯೆಂದು ಬರೆದು ಓದಿದ ಯಾರಿಗೂ ಹೇಳಬೇಕಾಗಿಲ್ಲ. 1949ರ ಅಕ್ಟೋಬರಿನಲ್ಲಿ ಗುರುವಾರದ ಕೂಟಗಳು ನಿಂತವು.

ವಿಶ್ವಾಸ ಕಥೆಯೊಳಗೆ ಬಂದ ಬಗೆ

1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಟೋಲ್ಕಿನ್ ಕಿನ್ನರಕಥೆಗಳ ಕುರಿತು ಉಪನ್ಯಾಸ ನೀಡಿದರು. ಮನುಷ್ಯ ಸೃಷ್ಟಿಕರ್ತ ದೇವರ ಪ್ರತಿರೂಪದಲ್ಲಿ ಉಂಟಾದವನು, ಆದ್ದರಿಂದ ಅವನಿಗೂ ಸೃಷ್ಟಿಸುವ ಹಂಬಲವಿದೆ ಎಂಬುದು ಅವರ ವಿಚಾರಸರಣಿ. ಇದನ್ನು ಅವರು ಉಪಸೃಷ್ಟಿ ಎಂದು ಕರೆದರು. ಮುಂದೆ ವಿಸ್ತರಿಸಿ 1947ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಎಲ್ಲವೂ ಮುಗಿಯಿತು ಎನ್ನುವಾಗ ಕಥೆ ಅನಿರೀಕ್ಷಿತವಾಗಿ ಸಂತೋಷಕ್ಕೆ ತಿರುಗುತ್ತದಲ್ಲ, ಮಾನವ ಇತಿಹಾಸದಲ್ಲಿ ಆ ತಿರುವು ಕ್ರಿಸ್ತಜನನ, ಆ ಜನನದ ಕಥೆಗೆ ಅಂಥ ತಿರುವು ಪುನರುತ್ಥಾನ.

ಹೀಗಿದ್ದರೂ ಅವರ ಕಾದಂಬರಿಯಲ್ಲಿ ಗುಡಿಯಿಲ್ಲ, ಪೂಜಾವಿಧಿಯಿಲ್ಲ. 1953ರಲ್ಲಿ ಯೇಸುಸಭೆಯ ವಂದನೀಯ ರಾಬರ್ಟ್ ಮರ್ರೆ ಅವರಿಗೆ ಬರೆದ ಪತ್ರದಲ್ಲಿ, ಇದು ಮೂಲತಃ ಧಾರ್ಮಿಕ ಹಾಗೂ ಕಥೋಲಿಕ ಕೃತಿಯೆಂದೂ, ಮೊದಲು ತಿಳಿಯದೆ ಹಾಗಾಯಿತು, ತಿದ್ದುವಾಗ ತಿಳಿದೇ ಮಾಡಿದೆ ಎಂದೂ, ಆದುದರಿಂದಲೇ ಧರ್ಮದ ನೇರ ಉಲ್ಲೇಖಗಳನ್ನು ತೆಗೆದೆನೆಂದೂ ತಿಳಿಸಿದರು. ಕಥೆಯಲ್ಲಿ ಕೇಡಿನ ಉಂಗುರ ನಾಶವಾಗುವ ದಿನ ಮಾರ್ಚ್ 25, ಅಂದರೆ ಮಂಗಳವಾರ್ತೆಯ ಹಬ್ಬ. ಪಯಣಿಗರನ್ನು ಉಳಿಸುವ ಲೆಂಬಾಸ್ ರೊಟ್ಟಿಯಲ್ಲಿ ಓದುಗರು ಪರಮಪ್ರಸಾದವನ್ನು ಕಂಡಾಗ ಅವರು ಅಲ್ಲಗಳೆಯಲಿಲ್ಲ. ಮಾಟದ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಇತರರ ಇಚ್ಛೆಯನ್ನು ಅದುಮಿ ಆಳುವ ಉಂಗುರದ ಶಕ್ತಿಯೇ ಕೇಡು, ಒಳ್ಳೆಯ ಉದ್ದೇಶಕ್ಕೂ ಅದನ್ನು ಬಳಸಲು ಗ್ಯಾಂಡಾಲ್ಫ್ ಒಪ್ಪುವುದಿಲ್ಲ.

ಲೂಯಿಸ್ ಹಿಡಿದ ದಾರಿ ಬೇರೆ. 1950ರಿಂದ 1956ರವರೆಗೆ ಬಂದ ನಾರ್ನಿಯದ ಏಳು ಪುಸ್ತಕಗಳಲ್ಲಿ ಆಸ್ಲಾನ್ ಎಂಬ ಸಿಂಹ ತಪ್ಪು ಮಾಡಿದ ಹುಡುಗನಿಗಾಗಿ ಸತ್ತು ಜೀವಂತವಾಗಿ ಏಳುತ್ತದೆ. ಟೋಲ್ಕಿನ್‌ಗೆ ಇದು ರುಚಿಸಲಿಲ್ಲ. ಬೇರೆ ಬೇರೆ ಪುರಾಣಗಳ ಪಾತ್ರಗಳನ್ನು ಒಂದೇ ಕಡೆ ಕಲಸಿದಂತೆ ಅವರಿಗೆ ಕಂಡಿತು. ಮಕ್ಕಳಿಗೆ ಓದಿ ಹೇಳುವವರಿಗೆ ನಾರ್ನಿಯವೇ ಸುಲಭ ಎಂದು ನನ್ನ ಅನಿಸಿಕೆ. ಒಬ್ಬರು ಮರೆಯಲ್ಲಿಟ್ಟರು, ಇನ್ನೊಬ್ಬರು ಕಾಣುವಂತೆ ಇಟ್ಟರು, ಧರ್ಮಸಭೆಯಲ್ಲಿ ಎರಡಕ್ಕೂ ಓದುಗರಿದ್ದಾರೆ. ಪೋಪ್ ಫ್ರಾನ್ಸಿಸರು 2024ರಲ್ಲಿ ಬರೆದ ಪತ್ರವೊಂದು ಕಥೆ ಕಾವ್ಯಗಳ ಓದು ಗುರುಗಳ ತರಬೇತಿಗೆ ಮಾತ್ರವಲ್ಲ, ಎಲ್ಲ ಕ್ರೈಸ್ತರ ಬೆಳವಣಿಗೆಗೂ ಬೇಕೆಂದು ಹೇಳುತ್ತದೆ.

ಕೊನೆಯ ವರ್ಷಗಳು

ಪುಸ್ತಕಗಳ ಬಗೆಗಿನ ಭಿನ್ನಾಭಿಪ್ರಾಯ, ಕಥೋಲಿಕರ ಬಗ್ಗೆ ಲೂಯಿಸ್ ಅವರಲ್ಲಿ ಉಳಿದಿದ್ದ ಹಳೆಯ ಪೂರ್ವಗ್ರಹ, ಅವರ ತಡವಾದ ವಿವಾಹ, ಇವೆಲ್ಲ ಸೇರಿ ಗೆಳೆತನ ತಣ್ಣಗಾಯಿತು. ಆದರೂ 1954ರಲ್ಲಿ ಕೇಂಬ್ರಿಜ್‌ನ ಪ್ರಾಧ್ಯಾಪಕ ಹುದ್ದೆಯನ್ನು ಲೂಯಿಸ್ ಒಪ್ಪುವಂತೆ ಮಾಡಿದವರು ಟೋಲ್ಕಿನ್. ನೊಬೆಲ್ ಪ್ರಶಸ್ತಿಗೆ 1961ರಲ್ಲಿ ಟೋಲ್ಕಿನ್ ಹೆಸರನ್ನು ಸೂಚಿಸಿದವರು ಲೂಯಿಸ್, ಪ್ರಶಸ್ತಿ ಬರಲಿಲ್ಲ.

ಲೂಯಿಸ್ 1963ರ ನವೆಂಬರ್ 22ರಂದು ನಿಧನರಾದರು. ನವೆಂಬರ್ 26ರಂದು ಆಂಗ್ಲಿಕನ್ ದೇವಾಲಯದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಅಂದು ಬೆಳಿಗ್ಗೆ ಟೋಲ್ಕಿನ್ ತಮ್ಮ ಗೆಳೆಯನಿಗಾಗಿ ಬಲಿಪೂಜೆ ಅರ್ಪಿಸಲು ಏರ್ಪಾಡು ಮಾಡಿದ್ದರು. ಡಾ. ಹ್ಯಾವರ್ಡ್ ಕೂಡ ಬಂದಿದ್ದರು. ಎಪ್ಪತ್ತೊಂದು ವರ್ಷದ ಟೋಲ್ಕಿನ್ ತಾವೇ ಬಲಿಪೀಠದ ಸೇವೆಗೆ ನಿಂತರು.