ಅಂಚೆಯ ಬಾಗಿಲಿಗೆ ಚಿಲಕ ಬಿದ್ದ ಕಥೆ



ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ತೀರಿಕೊಂಡರು. ಮಂಗಳೂರು, ಮುಂಬಯಿ, ಗಲ್ಫ್‌ನಲ್ಲಿರುವ ಕುಟುಂಬಗಳಿಗೆಲ್ಲ ಇಮೇಲ್ ಕಳುಹಿಸಿದೆವು. ಸರ್ವರ್ ಬದಲಾಯಿಸಿ ವಾರವಷ್ಟೇ ಆಗಿತ್ತು. ಸ್ಕ್ರಿಪ್ಟ್ ‘ಕಳುಹಿಸಲಾಗಿದೆ’ ಎಂದಿತು; ಒಂದೂ ತಲುಪಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ, “ನಮಗೆ ಯಾಕೆ ಹೇಳಲಿಲ್ಲ?” ಎಂದು ಫೋನ್ ಬಂದಾಗಲೇ ನಮಗೆ ಗೊತ್ತಾದದ್ದು. ಕಾರಣ ಹುಡುಕಹೊರಟವರಿಗೆ ಸಿಕ್ಕಿದ್ದು ಅರ್ಧ ಶತಮಾನದ ಚರಿತ್ರೆ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. 1975ರಲ್ಲಿ ಅದೇ ಜಾಲದಲ್ಲಿ ‘ಎಂಎಸ್‌ಜಿಗ್ರೂಪ್’ ಎಂಬ ಅಂಚೆಪಟ್ಟಿ ಶುರುವಾಯಿತು. ಐನಾರ್ ಸ್ಟೆಫರುಡ್ ಅದನ್ನು ಕೈಯಾರೆ ನೋಡಿಕೊಳ್ಳುತ್ತಿದ್ದರು. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ‘ಲಿಸ್ಟ್‌ಸರ್ವ್’ ತಂತ್ರಾಂಶವನ್ನು 1986ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿ ಎರಿಕ್ ಥಾಮಸ್ ಬರೆದರು.

ಆಗ ಜಾಲದಲ್ಲಿದ್ದವರು ಕೆಲವರೇ; ಒಬ್ಬರಿಗೊಬ್ಬರು ಪರಿಚಿತರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮದಲ್ಲಿ, ಕಾಗದ ತಂದವನು ನಿಜವಾಗಿ ಯಾರೆಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಯಾರ ಕಾಗದವನ್ನಾದರೂ ಮುಂದಕ್ಕೆ ದಾಟಿಸುವುದು ಸರ್ವರುಗಳ ನಡುವಿನ ನೆರೆಹೊರೆಯ ಉಪಕಾರವಾಗಿತ್ತು.

ಆ ನಂಬಿಕೆಯ ದುರುಪಯೋಗವೂ ಬೇಗನೇ ಕಂಡಿತು. 1978ರಲ್ಲೇ ಗ್ಯಾರಿ ಥುಯೆರ್ಕ್ ಎಂಬ ಮಾರಾಟಗಾರ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳುಹಿಸಿದ್ದ. 1988ರ ನವೆಂಬರ್ 2ರಂದು ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ‘ಹುಳು’ ಸಾವಿರಾರು ಯಂತ್ರಗಳನ್ನು ನಿಲ್ಲಿಸಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು, ಅಂಚೆ ಸಾಗಿಸುವ ‘ಸೆಂಡ್‌ಮೇಲ್’ ತಂತ್ರಾಂಶದ ದೋಷ. ಮುಂದೆ 1995ರಲ್ಲಿ ಬಂದ ‘ಫಾರ್ಮ್‌ಮೇಲ್’ ಎಂಬ ಉಚಿತ ಸ್ಕ್ರಿಪ್ಟ್ ಅಸಂಖ್ಯ ವೆಬ್‌ಸೈಟುಗಳಲ್ಲಿ ಕೂತಿತು. ಅದರ ಹಳೆಯ ಆವೃತ್ತಿಗಳಲ್ಲಿ ಪಡೆಯುವವರ ವಿಳಾಸವನ್ನು ಹೊರಗಿನವರೂ ಬದಲಿಸಬಹುದಿತ್ತು. ಕಂಡವರ ಸರ್ವರಿನಿಂದ ಕಸದ ಅಂಚೆ ಹರಿಯಿತು.

ಹೀಗೆ ಬಾಗಿಲುಗಳಿಗೆ ಚಿಲಕ ಬಿತ್ತು. 2001ರಲ್ಲಿ ಬಂದ ಲಿನಕ್ಸ್ 2.4ರಲ್ಲಿ ‘ಐಪಿಟೇಬಲ್ಸ್’ ಎಂಬ ಫೈರ್‌ವಾಲ್ ಇತ್ತು. ಅದರ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಬಿಡು ಅಥವಾ ತಡೆ ಎಂದು ಮೊದಲು ಹೊಂದಿದ ನಿಯಮವೇ ಅಂತಿಮ. ಹಾಗಾಗಿ ‘ಎಲ್ಲವನ್ನೂ ತಡೆ’ ಎಂಬ ಸಾಲಿನ ಕೆಳಗೆ ‘ಇದನ್ನು ಬಿಡು’ ಎಂದು ಬರೆದರೆ ಪ್ರಯೋಜನವಿಲ್ಲ. ಸರ್ವರ್ ಬಾಡಿಗೆಗೆ ಕೊಡುವ ಅನೇಕ ಕಂಪನಿಗಳು ಅಂಚೆ ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿದವು.

ನಮಗೆ ಆದದ್ದೂ ಇದೇ. ಸ್ಕ್ರಿಪ್ಟ್ ಸುಳ್ಳು ಹೇಳಿರಲಿಲ್ಲ; ಕಾಗದವನ್ನು ಸರ್ವರಿನ ಒಳಗಿನ ಸಾಲಿಗೆ ಒಪ್ಪಿಸಿ ತನ್ನ ಕೆಲಸ ಮುಗಿಸಿತ್ತು. ಸಾಲನ್ನು ತೆರೆದು ನೋಡಿದರೆ ಎಲ್ಲವೂ ಅಲ್ಲೇ ಕೂತಿದ್ದವು. ಲಾಗ್‌ನಲ್ಲಿ ಪ್ರತಿ ಬಾರಿಯೂ ‘ಸಮಯ ಮೀರಿದೆ’ ಎಂದಿತ್ತು. ಆಚೆಯವರು ಬೇಡವೆಂದರೆ ‘ನಿರಾಕರಿಸಲಾಗಿದೆ’ ಎಂದು ಥಟ್ಟನೆ ಉತ್ತರ ಬರುತ್ತದೆ. ಉತ್ತರವೇ ಬಾರದೆ ಕಾಯಬೇಕಾದರೆ, ನಡುವೆ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆಯೇ ಎಂದು ಮೊದಲು ನೋಡಬೇಕು.

ಸಿಟ್ಟಿನಲ್ಲಿ ಫೈರ್‌ವಾಲನ್ನೇ ಕಿತ್ತುಹಾಕೋಣ ಎಂದವರೂ ನಮ್ಮಲ್ಲಿದ್ದರು. ಚರಿತ್ರೆ ಓದಿದ ಮೇಲೆ ಆ ಮಾತು ನಿಂತಿತು. 1998ರಲ್ಲೇ ಇದಕ್ಕೆ ದಾರಿ ಮಾಡಿದ್ದರು: ಅಂಚೆ ಒಪ್ಪಿಸಲು 587 ಎಂಬ ಬೇರೆ ಪೋರ್ಟ್. ಹೆಸರು, ಪಾಸ್‌ವರ್ಡ್ ಹೇಳಿ ಅದರ ಮೂಲಕ ಕಳುಹಿಸುವಂತೆ ಸ್ಕ್ರಿಪ್ಟನ್ನು ತಿದ್ದಿದೆವು. ಅದು ಕೆಲಸ ಮಾಡಿತು.

ಸಾಲಿನಲ್ಲಿ ಉಳಿದಿದ್ದ ಸಾವಿನ ಸುದ್ದಿಯನ್ನು ಅಳಿಸಿ, ಕ್ಷಮೆ ಕೇಳಿ ಹೊಸ ಕಾಗದ ಬರೆದೆವು. ತಪ್ಪಿಹೋದ ಕೊನೆಯ ದರ್ಶನ ಅದರಿಂದ ಮರಳಲಿಲ್ಲ. ಈಗ ಇಮೇಲ್ ಕಳುಹಿಸಿದ ಮೇಲೆ ಲಾಗ್ ನೋಡುತ್ತೇವೆ. ಸಾವಿನ ಸುದ್ದಿಯಾದರೆ ಫೋನನ್ನೂ ಮಾಡುತ್ತೇವೆ.