ಹಬ್ಶಿಯ ತವಾರೀಖು, ಸಿದ್ದಿಯ ನೆನಪು

ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ ಎಕ್ಕಂಬಿ ಸಿಗುತ್ತದೆ. ಅದರಾಚೆ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನವರೆಗೂ ಹಬ್ಬಿದ ಸೀಮೆ ಸಿದ್ದಿಗಳದ್ದೂ ಹೌದು. ಹಿಂದೂ, ಮುಸ್ಲಿಮ್, ಕ್ರೈಸ್ತ ಮೂರೂ ಧರ್ಮಗಳಲ್ಲಿ ಅವರಿದ್ದಾರೆ. ಹಳಿಯಾಳದ ಕಡೆ ಮುಸ್ಲಿಮ್ ಸಿದ್ದಿಗಳು ಹೆಚ್ಚು. ಇವರ ಪೂರ್ವಿಕರಲ್ಲಿ ಬಹಳ ಮಂದಿ ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರೆಂದು ಇತಿಹಾಸಕಾರರು ಹೇಳುತ್ತಾರೆ.

ಆಫ್ರಿಕದಿಂದ ಬಂದವರೆಲ್ಲ ಹೀಗೆ ಮರೆಯಾಗಲಿಲ್ಲ. ಅಹಮದ್‌ನಗರದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ಅವನ ಗೋರಿ ಖುಲ್ದಾಬಾದಿನಲ್ಲಿದೆ, ಹೆಸರು ಫಾರಸಿ ತವಾರೀಖುಗಳಲ್ಲಿದೆ. ಬಿಜಾಪುರದ ಇಖ್ಲಾಸ್ ಖಾನನ ಚಿತ್ರಗಳು ಉಳಿದಿವೆ. ಸುಲ್ತಾನರ ಕಾಲದ ಹಬ್ಶಿಗಳ ಮಾತು ಬಂದಾಗ ನಮ್ಮವರು ಎದೆಯುಬ್ಬಿಸುತ್ತೇವೆ. ಅದೇ ನಾವು ಹಳಿಯಾಳದ ಸಿದ್ದಿಯನ್ನು ಬೇರೆ ಕಣ್ಣಿನಿಂದ ನೋಡುವುದೂ ಉಂಟು. ಕುದುರೆಯೇರಿದವನಿಗೆ ಬರೆಯಲು ಮುನ್ಷಿಯಿದ್ದ. ಗೌಡರ ಅಡಕೆ ತೋಟದಲ್ಲಿ ಜೀತಕ್ಕಿದ್ದವನಿಗೆ ಯಾರಿದ್ದರು?

ಗೋವೆಯಲ್ಲಿ ಪೋರ್ಚುಗೀಸರು 1595ರಲ್ಲೇ ಸರಕಾರಿ ಪತ್ರಾಗಾರ ತೆರೆದು, ದಿಯೋಗೊ ದೊ ಕೋಟೊ ಎಂಬ ಚರಿತ್ರೆಕಾರನನ್ನು ಅದರ ಮೇಲ್ವಿಚಾರಣೆಗೆ ನೇಮಿಸಿದರು. ಅದು ಇಂದಿಗೂ ಪಣಜಿಯಲ್ಲಿ ನಡೆಯುತ್ತಿದೆ. ಅಂದರೆ, ಮಾರಿದವರ ಕಾಗದಗಳನ್ನು ಕಾಯಲು ನಾಲ್ಕು ಶತಮಾನಗಳಿಂದ ಸಂಬಳ ಸಲ್ಲುತ್ತಲೇ ಬಂದಿದೆ. ಮಾರಾಟವಾದವರ ಮಕ್ಕಳ ನೆನಪಿಗೆ ಮಾತ್ರ ಒಂದು ಕಪಾಟಿನ ಖರ್ಚೂ ಎಲ್ಲಿಂದ ಬರಬೇಕೆಂದು ತಿಳಿಯುವುದಿಲ್ಲ.

ಸರಕಾರ ಹಣ ಕೊಡುವುದಿಲ್ಲವೆಂದಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಹಸ್ತಪ್ರತಿಗೆ ಒಂದು ವ್ಯಾಖ್ಯೆ ಕೊಟ್ಟಿತು: ಕೈಬರಹವಾಗಿರಬೇಕು, ಕನಿಷ್ಠ 75 ವರ್ಷ ಹಳೆಯದಾಗಿರಬೇಕು. 2025ರ ಕೇಂದ್ರ ಬಜೆಟ್ಟಿನಲ್ಲಿ 'ಜ್ಞಾನ ಭಾರತಂ' ಘೋಷಣೆಯಾದಾಗ ಹಸ್ತಪ್ರತಿಗಳ ಅನುದಾನ 3.5 ಕೋಟಿಯಿಂದ 60 ಕೋಟಿ ರೂಪಾಯಿಗೆ ಏರಿತು. ಸಂತೋಷ. ಆದರೆ ದಮಾಮಿ ಬಡಿಯುತ್ತ ಹಾಡುವ ಹಾಡು ಕೈಬರಹವಲ್ಲ. ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯೂ ಅಲ್ಲ. ಅಕ್ಷರವನ್ನೇ ಕಲಿಸದೆ ಇಟ್ಟವರಿಂದ ಹಸ್ತಪ್ರತಿ ಕೇಳುವುದು ಎಂಥ ನ್ಯಾಯ!

ವಿದೇಶದ ಹಣವೂ ಉಂಟು. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2004ರಿಂದ ಅಳಿವಿನಂಚಿನ ದಾಖಲೆಗಳ ಡಿಜಿಟಲ್ ಪ್ರತಿ ಮಾಡಿಸಲು ನೆರವು ನೀಡುತ್ತಿದೆ. ಮೂಲಪ್ರತಿ ಆಯಾ ದೇಶದಲ್ಲೇ ಉಳಿಯುತ್ತದೆ. ಒಳ್ಳೆಯ ನಿಯಮ. ಆದರೆ ಅರ್ಜಿ ಇಂಗ್ಲಿಷಿನಲ್ಲಿರಬೇಕು. ಮೇಲಾಗಿ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಅಂಥ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ಹಳ್ಳಿಯ ಸಂಘಗಳಿಗೆ ಬರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು.

ಹಣ ಸಿಕ್ಕಿದವರ ಕಷ್ಟವೂ ಬೇರೆ. ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯ ಕಪ್ಪುಜನರು 1981ರಲ್ಲಿ ಸ್ಥಾಪಿಸಿದ 'ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್'ಗೆ ಲಾಟರಿ ನಿಧಿಯ ನೆರವಿನಿಂದ 2014ರಲ್ಲಿ ಸ್ವಂತ ಕಟ್ಟಡವಾಯಿತು. ನಾಲ್ಕೇ ವರ್ಷದಲ್ಲಿ ಅದನ್ನು ನಡೆಸುವ ದುಡ್ಡಿಗೆ ಪರದಾಟ ಬಂತು. ಕಲ್ಲು ಹಾಕಲು, ಫಲಕ ಅನಾವರಣ ಮಾಡಲು ದಾನಿಗಳು ಸಿಗುತ್ತಾರೆ. ಪ್ರತಿ ತಿಂಗಳ ಸಂಬಳಕ್ಕೆ ಸಿಗುವುದಿಲ್ಲ. ನಮ್ಮ ಮಸೀದಿ ಕಮಿಟಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಅವರ ಬಗ್ಗೆ ಓದಬೇಕಾದರೆ ಹೊರಗಿನವರು ಬರೆದ ಪ್ರಬಂಧಗಳನ್ನೇ ಹುಡುಕಬೇಕು. ಧ್ವನಿಮುದ್ರಣ ಮಾಡಿಕೊಂಡು ಹೋದವರು ಅದರ ಒಂದು ಪ್ರತಿಯನ್ನು ಹಾಡಿದವಳ ಊರಿನಲ್ಲೇ ಬಿಟ್ಟುಹೋಗಬೇಕೆಂಬ ಷರತ್ತನ್ನಾದರೂ ಸಂಶೋಧನೆಗೆ ಹಣ ಕೊಡುವವರು ಹಾಕಬಹುದು.

ಹತ್ತಿರದ ಒಂದು ಮೂಲವೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಕರ್ನಾಟಕದಲ್ಲಿ ಮನೆ, ನಿವೇಶನಗಳ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಬೀಳುತ್ತದೆ. ಕಾಡಂಚಿನ ಸಿದ್ದಿಯೂ ಅದನ್ನು ತೆರುತ್ತಾನೆ. ಆ ಹಣದಲ್ಲಿ ಯಲ್ಲಾಪುರ, ಹಳಿಯಾಳದ ಒಂದೊಂದು ಗ್ರಂಥಾಲಯದಲ್ಲಿ ಬೀಗವಿರುವ ಒಂದು ಕಪಾಟು, ಒಂದು ಧ್ವನಿಮುದ್ರಣ ಯಂತ್ರ, ಅಜ್ಜಿಯರ ಮನೆಮಾತು ಬಲ್ಲ ಒಬ್ಬ ಸಿದ್ದಿ ಹುಡುಗಿಗೆ ತಿಂಗಳ ಸಂಬಳ ಕೇಳಬಹುದು. ಕಟ್ಟಡ ಆಮೇಲೆ ನೋಡೋಣ.